ತಿಪ್ಪಮ್ಮನ ಮನೆಯ ಫ್ರಿಜ್

ಮಾರ್ಚ್ ೨, ಭಾನುವಾರ

ಬೆಳಿಗ್ಗೆ ಕಸ ಗುಡಿಸುವಾಗ ಸೋಫಾದ ಒಂದು ಕಾಲಿನ ಕೆಳಗೆ ನಾಲ್ಕಾಗಿ ಮಡಚಿದ ಕ್ಯಾಲೆಂಡರ್ ಹಾಳೆ ಕಂಡಿತು. ಅದು ನಮ್ಮ ಮನೆಯ ಕ್ಯಾಲೆಂಡರ್ ಅಲ್ಲ. ಸೋಫಾ ಕೂಡ ನಮ್ಮದಲ್ಲ, ಮಹಡಿ ಮನೆಯ ಅಲಮೇಲಮ್ಮನವರದು. ನಿನ್ನೆ ಸಂಜೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಸಿಕೊಂಡು, ಬಿಡಿಸಿಕೊಂಡು ಕೆಳಗೆ ಇಳಿಸಿದ್ದಾಯಿತು. ಅದರ ಒಂದು ಕಾಲು ಗಿಡ್ಡ ಎಂದು ಹಾಳೆಯನ್ನೂ ಅವರು ಮರೆಯದೆ ಕಳಿಸಿದ್ದಾರೆ.

ಹನ್ನೊಂದಕ್ಕೆ ಕುಣಿಗಲ್‌ನಿಂದ ನನ್ನನ್ನು ನೋಡಲು ಬಂದರು. ಹುಡುಗನ ಹೆಸರು ಸೋಮಶೇಖರ್, ಯಾವುದೋ ಸಹಕಾರ ಸಂಘದಲ್ಲಿ ಕೆಲಸ. ಅವರಮ್ಮ ಮಂಜುಳಮ್ಮ ಚಪ್ಪಲಿ ಬಿಟ್ಟವರೇ ಮೊದಲು ಅಡುಗೆಮನೆ, ಆಮೇಲೆ ಬಚ್ಚಲು, ಆಮೇಲೆ ನನ್ನನ್ನು ನೋಡಿದರು. ಅದೇ ಕ್ರಮದಲ್ಲಿ.

"ಸೋಫಾ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

"ಹೇಳಿ ಮಾಡಿಸಿದ್ದು," ಅಂದಳು ಅಮ್ಮ.

ಅಷ್ಟರಲ್ಲಿ ಅಕ್ಕಪಕ್ಕದವರ ಹಾಗೆ ಸುಮ್ಮನೆ ಇಣುಕಿಹೋಗಲು ಅಲಮೇಲಮ್ಮ ಬಂದರು. ಅಭ್ಯಾಸಬಲದಿಂದ ತಮ್ಮ ಮಾಮೂಲು ಮೂಲೆಯಲ್ಲಿ ಕೂತರು. ಮಾತಾಡುತ್ತಾ ಮಾತಾಡುತ್ತಾ ಕೈ ಮೆತ್ತೆಯ ಸಂದಿಗೆ ಹೋಯಿತು. ಅಲ್ಲಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಹುಡುಗನನ್ನು ಚೆನ್ನಾಗಿ ನೋಡಿದರು. ಅಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಸೋಮಶೇಖರ್ ತಲೆ ತಗ್ಗಿಸಿದರು. ಭುಜ ಸ್ವಲ್ಪ ಅಲುಗುತ್ತಿತ್ತು.

ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಈಗ ಏನು ಓದುತ್ತಿದ್ದೀರಿ ಎಂದು. ನಾನು ಬಾಯಿ ತೆರೆಯುವ ಮೊದಲೇ ಮಂಜುಳಮ್ಮ ಹೇಳಿದರು: "ಎಮ್ಮೆ ಮುಗಿದಿದೆಯಲ್ಲೋ, ಇನ್ನೇನು ಓದ್ತಾಳೆ."

ನಾನು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಎಂದಿನ ಹಾಗೆ.

ಮಾರ್ಚ್ ೪, ಮಂಗಳವಾರ

ಭಾನುವಾರ ನಮ್ಮ ಮನೆಯನ್ನು ಬೇರೆಯವರು ನೋಡುತ್ತಾರೆ. ಉಳಿದ ದಿನ ಬೇರೆಯವರ ಮನೆಯನ್ನು ನಾನು ನೋಡುತ್ತೇನೆ. ಅದಕ್ಕೇ ನನಗೆ ಸಂಬಳ.

ಊರಿನ ಕೆಲವು ಬಟ್ಟೆ ವ್ಯಾಪಾರಿಗಳು, ಡಾಕ್ಟರುಗಳು ಸೇರಿ ನಡೆಸುವ ಟ್ರಸ್ಟ್ ನಮ್ಮದು. ಜಾಣ ಮಕ್ಕಳು, ಆದರೆ ಮನೆಯಲ್ಲಿ ಅನುಕೂಲ ಇಲ್ಲ ಎಂದಾದರೆ ಆರನೇ ತರಗತಿಯಿಂದ ಪಿಯುಸಿವರೆಗೆ ಒಳ್ಳೆಯ ಶಾಲೆಯಲ್ಲಿ ಓದಿಸುತ್ತಾರೆ. ಜಾಣರೋ ಅಲ್ಲವೋ ಎಂದು ಪರೀಕ್ಷೆಯಿಂದ ತಿಳಿಯುತ್ತದೆ. ಅನುಕೂಲ ಇದೆಯೋ ಇಲ್ಲವೋ ಎಂದು ತಿಳಿಯಲು ನಾನು ಹೋಗಬೇಕು. ಮೊಬೈಲ್‌ನಲ್ಲಿ ಒಂದು ಪಟ್ಟಿ ಇದೆ: ಟಿ.ವಿ.ಗೆ ಐದು ಅಂಕ, ಫ್ರಿಜ್‌ಗೆ ಹತ್ತು, ವಾಷಿಂಗ್ ಮಶೀನ್‌ಗೆ ಹತ್ತು, ಹೀಗೆ. ಸಾಮಾನಿಗಷ್ಟೇ ಅಂಕ, ಆಸ್ತಿಗಲ್ಲ. ಇಪ್ಪತ್ತು ದಾಟಿದರೆ ಅರ್ಜಿ ಬಿತ್ತು. ಪ್ರತಿಯೊಂದಕ್ಕೂ ಫೋಟೊ ತೆಗೆಯಬೇಕು. ಪ್ರಶ್ನೆ ಕೇಳುವುದಕ್ಕಿಂತ ಫೋಟೊ ತೆಗೆಯುವುದು ಸುಲಭ ಎಂದೇ ನಾನು ಈ ಕೆಲಸಕ್ಕೆ ಸೇರಿದ್ದು.

ನಮ್ಮ ಕಾರ್ಯದರ್ಶಿ ಸುಬ್ಬಕೃಷ್ಣ ಸರ್, ನಿವೃತ್ತ ಗಣಿತದ ಮೇಷ್ಟ್ರು. ಇವತ್ತು ಒಂದು ಉತ್ತರಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ನಂದಿತಾ, ಹದಿನೇಳನೇ ಪ್ರಶ್ನೆ ನೋಡಮ್ಮ. ನಾನೇ ಹಾಕಿದ್ದು. ಕೊಟ್ಟಿರೋ ನಾಲ್ಕು ಉತ್ತರವೂ ತಪ್ಪು."

ಮುನ್ನೂರು ಚಿಲ್ಲರೆ ಮಕ್ಕಳು ಆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿದ್ದಾರೆ. ಗುಬ್ಬಿಯ ಪಲ್ಲವಿ ಎಂಬ ಹುಡುಗಿ ಮಾತ್ರ ಕೆಳಗೆ ಐದನೆಯ ಉತ್ತರವನ್ನು ತಾನೇ ಬರೆದು, ಅದಕ್ಕೆ ಗುರುತು ಹಾಕಿ, ಪಕ್ಕದಲ್ಲಿ "ಇದು ಬಿಟ್ಟುಹೋಗಿತ್ತು" ಎಂದು ಸೇರಿಸಿದ್ದಾಳೆ.

"ಅಧಿಕಪ್ರಸಂಗ," ಅಂದರು ಸರ್. ಐದು ನಿಮಿಷ ಬಿಟ್ಟು ಮತ್ತೆ ಬಂದು ಆ ಹಾಳೆ ಇಸಿದುಕೊಂಡು ಹೋದರು. ಸಂಜೆ ನೋಡಿದರೆ ಅದು ಅವರ ಮೇಜಿನ ಗಾಜಿನ ಕೆಳಗಿತ್ತು.

ಮಾರ್ಚ್ ೬, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಗುಬ್ಬಿಯಲ್ಲಿ ಇವತ್ತು ಇದ್ದದ್ದು ಪುಟ್ಟರಂಗಯ್ಯ ಎನ್ನುವವರ ಮನೆ. ಮೊಮ್ಮಗಳಿಗೆ ಅರ್ಜಿ ಹಾಕಿದ್ದಾರೆ. ದಿನಸಿ ಅಂಗಡಿ, ಅದರ ಹಿಂದೆ ಸಾಲಾಗಿ ನಾಲ್ಕು ಬಾಡಿಗೆ ಮನೆ, ಕೊನೆಗೆ ಸ್ವಂತ ಮನೆ. ಒಳಗೆ ಹೋದರೆ ಒಂದು ಚಾಪೆ, ಒಂದು ಹೂಜಿ, ಒಂದು ದೇವರ ಪಟ. ಪುಟ್ಟರಂಗಯ್ಯ ತೋಳು ಹರಿದ ಬನಿಯನ್ ಹಾಕಿಕೊಂಡು ನಿಂತಿದ್ದರು. ಬನಿಯನ್ ಹರಿದಿತ್ತು, ಆದರೆ ಇಸ್ತ್ರಿಯಾಗಿತ್ತು.

"ನೋಡ್ಕಳಿ ಮೇಡಂ. ನಾವು ಇರೋದೇ ಹಿಂಗೆ."

ಗೋಡೆಯ ಮೇಲೆ ಟಿ.ವಿ.ಯಷ್ಟಗಲ ಬಣ್ಣ ಮಾಸದ ಚೌಕ. ಅಡುಗೆಮನೆಯ ನೆಲದಲ್ಲಿ ತುಕ್ಕಿನ ನಾಲ್ಕು ಉಂಗುರ. ನನಗೆ ಇಂಥವು ಬೇಗ ಕಾಣುತ್ತವೆ. ಆದರೆ ಪಟ್ಟಿಯಲ್ಲಿ ತುಕ್ಕಿಗೆ ಅಂಕ ಇಲ್ಲ, ಕೇಳಲು ನನಗೆ ಬಾಯಿಲ್ಲ. ಚಾಪೆಯ ಫೋಟೊ ತೆಗೆದು ಹೊರಗೆ ಬಂದೆ.

ಪಲ್ಲವಿಯ ಮನೆಗೆ ಮುಂದಿನ ಮಂಗಳವಾರ ಬರುತ್ತೇವೆಂದು ಹೇಳಿದ್ದೆವು. ಡ್ರೈವರ್ ಭೀಮರಾಜಣ್ಣ ನನ್ನ ಕೈಯಲ್ಲಿದ್ದ ಪಟ್ಟಿ ಇಣುಕಿ ನೋಡಿದ. "ಆ ಮಗೂ ಮನೆನೂ ಇದೇ ಸಾಲ್ನಾಗೈತಲ್ಲ ಮೇಡಂ. ಇನ್ನೊಂದ್ಸಲ ಯಾಕೆ ಬರೋದು, ಇವತ್ತೇ ಮುಗ್ಸಿಬುಡಿ. ನಾನು ಅಷ್ಟೊತ್ಗೆ ಊಟ ಮಾಡ್ಕಂಡ್ ಬತ್ತೀನಿ."

ಬೇಡ ಅನ್ನಲು ಬಾಯಿ ಬರಲಿಲ್ಲ. ಇಡೀ ಅನಾಹುತ ಇಲ್ಲಿಂದ ಶುರುವಾಯಿತು.

ಪಲ್ಲವಿ ಅಜ್ಜಿ ತಿಪ್ಪಮ್ಮನ ಜೊತೆ ಇರುತ್ತಾಳೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಒಂದೇ ಕೋಣೆ. ಬಾಗಿಲು ತಳ್ಳಿದೆ, ಅರ್ಧಕ್ಕೆ ನಿಂತಿತು. ಅಡ್ಡ ಸರಿದು ಒಳಗೆ ಹೋದೆ. ಬಾಗಿಲಿಗೆ ಅಡ್ಡ ಇದ್ದದ್ದು ಆಳೆತ್ತರದ ಕೆಂಪು ಫ್ರಿಜ್. ಅದರ ಪಕ್ಕ ವಾಷಿಂಗ್ ಮಶೀನ್. ಮಶೀನಿನ ಮೇಲೆ ಪುಸ್ತಕ ಇಟ್ಟುಕೊಂಡು, ನಿಂತೇ ಬರೆಯುತ್ತಿದ್ದ ಪಲ್ಲವಿ. ಮೂಲೆಯಲ್ಲಿ ಟಿ.ವಿ.ಗೆ ಹಳೆಯ ಸೀರೆ ಸುತ್ತಿತ್ತು, ಜ್ವರ ಬಂದವರ ಹಾಗೆ. ಉಳಿದ ಮೂರಡಿ ಜಾಗದಲ್ಲಿ ತಿಪ್ಪಮ್ಮ ಮಣೆಯ ಮುಂದೆ ಕಾಲು ಮಡಚಿ ಅಗರಬತ್ತಿ ಹೊಸೆಯುತ್ತಿದ್ದರು. ನನ್ನನ್ನು ಕಂಡು ಕಪ್ಪು ಕೈ ಗಾಳಿಯಲ್ಲೇ ನಿಂತಿತು.

"ಮಂಗ್ಳಾರ ಅಂದಿದ್ರಲ್ಲವ್ವ?"

ಪಟ್ಟಿಯ ಪ್ರಕಾರ ಕೇಳಿದೆ, ಮನೆಯಲ್ಲಿ ಕರೆಂಟಿನಲ್ಲಿ ನಡೆಯುವ ಸಾಮಾನು ಏನೇನಿದೆ?

"ಲೈಟ್ ಒಂದು, ಫ್ಯಾನ್ ಒಂದು," ಅಂದಳು ಪಲ್ಲವಿ.

"ಮತ್ತೆ ಇವು?"

"ಇವನ್ನ ಹಾಕಕ್ಕೆ ನಮ್ಮನೇಲಿ ಪ್ಲಗ್ಗೇ ಇಲ್ಲ ಮಿಸ್."

"ಏ, ಬಾಯ್ಮುಚ್ಚೇ," ಅಂದರು ತಿಪ್ಪಮ್ಮ.

ಅದೇ ಹೊತ್ತಿಗೆ ಫ್ರಿಜ್‌ನ ಬಾಗಿಲ ಸಂದಿಯಿಂದ ಬಿಳಿಯದೊಂದು ನಿಧಾನವಾಗಿ ಹೊರಗೆ ಬರತೊಡಗಿತು. ದೋಸೆ ಹಿಟ್ಟು. ಅವಸರದಲ್ಲಿ ಪಾತ್ರೆ ಸಮೇತ ಹೊತ್ತು ತಂದಿದ್ದಾರೆ. ಕರೆಂಟಿಲ್ಲ, ಮಾರ್ಚಿನ ಸೆಕೆ, ಹಿಟ್ಟು ಉಕ್ಕಿದೆ. ನಾವು ಮೂವರೂ ಅದು ನೆಲ ಮುಟ್ಟುವವರೆಗೂ ನೋಡುತ್ತಾ ನಿಂತೆವು.

ಫ್ರಿಜ್‌ನ ಬದಿಯಲ್ಲಿ ಮಾರ್ಕರ್‌ನಿಂದ ಒಂದರ ಮೇಲೊಂದು ಗೆರೆಗಳಿದ್ದವು, ಪ್ರತಿ ಗೆರೆಗೂ ತಾರೀಕು. ಯಾವುದೋ ಮಗುವಿನ ಎತ್ತರ ಅಳೆದ ಗುರುತು. ಎಲ್ಲಕ್ಕಿಂತ ಮೇಲಿನ ಗೆರೆ ಪಲ್ಲವಿಯ ತಲೆಗಿಂತ ಒಂದು ಗೇಣು ಮೇಲಿತ್ತು. ಮಕ್ಕಳು ಬೆಳೆಯುತ್ತಾರೆ, ಗಿಡ್ಡ ಆಗುವುದಿಲ್ಲ.

ಕೇಳಬೇಕಿತ್ತು. ಫೋಟೊ ತೆಗೆದೆ.

ಮಾರ್ಚ್ ೭, ಶುಕ್ರವಾರ

ಪುಟ್ಟರಂಗಯ್ಯನ ಮನೆ: ಸೊನ್ನೆ. ತಿಪ್ಪಮ್ಮನ ಮನೆ: ಇಪ್ಪತ್ತೈದು.

ಊಟ ಸೇರಲಿಲ್ಲ. ಅಮ್ಮ ದೋಸೆ ಮಾಡಿದ್ದಳು.

ಮಾರ್ಚ್ ೧೧, ಮಂಗಳವಾರ

ಗುಬ್ಬಿಯ ಕರಡು ಪಟ್ಟಿಯಲ್ಲಿ ಪಲ್ಲವಿ ಇಲ್ಲ. ಪುಟ್ಟರಂಗಯ್ಯನ ಮೊಮ್ಮಗಳು ಇದ್ದಾಳೆ. ಇಪ್ಪತ್ತನೇ ತಾರೀಕು ಪಟ್ಟಿ ದಾನಿಗಳ ಕೈಗೆ ಹೋಗುತ್ತದೆ, ಆಮೇಲೆ ಬದಲಾಗುವುದಿಲ್ಲ.

ಮೂರು ಸಲ ಸರ್ ಕೋಣೆಯ ಬಾಗಿಲವರೆಗೆ ಹೋಗಿ ನೀರು ಕುಡಿದು ಬಂದೆ. ನಾಲ್ಕನೆಯ ಸಲ ಅವರೇ ಕರೆದರು. "ನೀರಿನ ಕ್ಯಾನ್ ಖಾಲಿ ಮಾಡ್ತೀಯಲ್ಲಮ್ಮ, ಏನು ವಿಷಯ?"

ಹೇಳಿದೆ. ಗೋಡೆಯ ಚೌಕ, ತುಕ್ಕಿನ ಉಂಗುರ, ಹಿಟ್ಟು, ಗೆರೆ.

ಸರ್ ಗಾಜಿನ ಕೆಳಗಿನ ಉತ್ತರಪತ್ರಿಕೆಯನ್ನೇ ನೋಡುತ್ತಾ ಕೇಳಿಸಿಕೊಂಡರು. "ನಿನಗಿಂತ ಮುಂಚೆ ಇದ್ದ ಹುಡುಗಿ ಎಲ್ಲರ ಮೇಲೂ ಕನಿಕರ ಪಟ್ಟು ಕಾರು ಇದ್ದೋರನ್ನೂ ಪಾಸ್ ಮಾಡಿಬಿಟ್ಟಿದ್ಲು. ದಾನಿಗಳ ಮುಂದೆ ನನ್ನ ಮಾನ ಹೋಯ್ತು. ಅವತ್ತಿಂದ ಫೋಟೊನೇ ಕೊನೆ. ಆ ಸಾಮಾನು ಯಾರದೋ ಅವರೇ ನಂದು ಅಂತ ಬರೆದು ಸಹಿ ಹಾಕಿ ಕೊಟ್ಟರೆ ಬೇರೆ ಮಾತು. ಹಿಟ್ಟು ಸಾಕ್ಷಿ ಹೇಳಲ್ಲವಲ್ಲಮ್ಮ."

ಮಾರ್ಚ್ ೧೩, ಗುರುವಾರ

ರಜೆ ಹಾಕಿ ಗುಬ್ಬಿ ಬಸ್ ಹತ್ತಿದೆ. ಅಮ್ಮನಿಗೆ ಹೇಳಿಲ್ಲ.

ತಿಪ್ಪಮ್ಮನ ಕೋಣೆ ಈಗ ದೊಡ್ಡದಾಗಿ ಕಂಡಿತು. ಅಂದರೆ ಹತ್ತಡಿ. ಬಾಗಿಲು ಪೂರ್ತಿ ತೆರೆಯಿತು.

ಆ ಸಾಮಾನು ಪುಟ್ಟರಂಗಯ್ಯನವರದು ಎಂದು ಒಂದು ಹಾಳೆಯಲ್ಲಿ ಬರೆದು ಹೆಬ್ಬೆಟ್ಟು ಒತ್ತಿಕೊಡಿ, ಅದನ್ನು ತೋರಿಸಿ ಅವರನ್ನು ಕೇಳುತ್ತೇನೆ ಅಂದೆ.

"ನಾನು ಕೊಡಾಕಿಲ್ಲ ಕಣವ್ವ."

"ಪಲ್ಲವಿ ಓದು ಹೋಗುತ್ತಲ್ಲ ಅಜ್ಜಿ."

"ಇವ್ಳು ಹುಟ್ಟೋವಾಗ ಜಡಿಮಳೆ. ಒಂದು ಗಾಡಿ ಇರ್ಲಿಲ್ಲ. ಅವ್ನು ತನ್ನ ಅಂಗ್ಡಿ ಟೆಂಪೊನಾಗೆ ಅಕ್ಕಿ ಮೂಟೆ ಇಳ್ಸಿ ನನ್ ಮಗಳ್ನ ಆಸ್ಪತ್ರೆಗೆ ಹೊತ್ಕಂಡೋದ. ಅಂಥೋನು ಬಂದು ಒಂದಿನ ಮಟ್ಟಿಗೆ ಇಟ್ಕಳವ್ವ ಅಂದ್ರೆ ಆಗಾಕಿಲ್ಲ ಅನ್ನಕ್ಕಾಯ್ತದಾ? ಈಗ ಅವ್ನ ಮೇಲೆ ಕಂಪ್ಲೇಂಟ್ ಕೊಡು ಅಂತೀಯ."

ಪಲ್ಲವಿ ಬಸ್ ನಿಲ್ದಾಣದವರೆಗೆ ಬಂದಳು. ಬಸ್ ಬಂದಾಗ ಕೇಳಿದಳು: "ಮಿಸ್, ಆ ಫ್ರಿಜ್ಜು ನಮ್ದು ಅಂತ ನಿಮ್ಮ ಆಫೀಸಲ್ಲಿ ಬರ್ಕೊಂಡಿದ್ದೀರಾ?"

"ಹೌದು."

"ಹಂಗಾದ್ರೆ ಪುಟ್ಟರಂಗಯ್ಯ ತಾತ ನಮ್ ಫ್ರಿಜ್ ಯಾಕೆ ತಗೊಂಡೋದ್ರು?"

ಬಸ್ ಮಲ್ಲಸಂದ್ರ ದಾಟುವವರೆಗೂ ನಾನು ಇದನ್ನೇ ಯೋಚಿಸುತ್ತಿದ್ದೆ. ನಗು ತಡೆಯಲಾಗಲಿಲ್ಲ. ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಕೂತರು.

ಮಾರ್ಚ್ ೧೫, ಶನಿವಾರ

ಎಂ.ಎ.ಯಲ್ಲಿ ಎರಡು ವರ್ಷ ಶಾಸನಗಳನ್ನು ಓದಿದ್ದು ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತು. ದತ್ತಿ ಬಿಟ್ಟವರು ಎಷ್ಟು ಗಂಭೀರವಾಗಿ ಬರೆಸುತ್ತಿದ್ದರೆಂದು ನೆನಪು ಮಾಡಿಕೊಂಡು, ಆಫೀಸಿನಲ್ಲಿ ಯಾರೂ ಇಲ್ಲದಾಗ ಒಂದು ಕಾಗದ ಟೈಪ್ ಮಾಡಿದೆ. ನಮ್ಮಲ್ಲಿ ಇರುವುದು ಆರು ನಮೂನೆಗಳು. ಇದಕ್ಕೆ "ನಮೂನೆ ೭-ಅ" ಎಂದು ಹೆಸರಿಟ್ಟೆ. ಬರಿ ಏಳು ಎಂದರೆ ಹೊಸದು ಅನ್ನಿಸುತ್ತದೆ. "ಅ" ಸೇರಿಸಿದರೆ ಬಹಳ ಹಿಂದಿನಿಂದ ಇದೆ ಅನ್ನಿಸುತ್ತದೆ.

ಇದರಲ್ಲಿ ಸುಳ್ಳು ಒಂದು ಅಕ್ಷರವೂ ಇಲ್ಲ. ಎರಡು ಸಲ ಓದಿ ನೋಡಿದ್ದೇನೆ.

ಮಾರ್ಚ್ ೧೭, ಸೋಮವಾರ

ಪುಟ್ಟರಂಗಯ್ಯ ಅಂಗಡಿಯಲ್ಲಿ ಹುಣಸೆಹಣ್ಣು ಕಟ್ಟುತ್ತಿದ್ದರು. ನನ್ನನ್ನು ನೋಡಿ ಮೊದಲು ತಾವು ತೊಟ್ಟಿದ್ದ ಅಂಗಿ ನೋಡಿಕೊಂಡರು. ಹೊಸದಾಗಿತ್ತು.

"ಏನ್ ಮೇಡಂ, ದಿಢೀರಂತ?"

"ನಿಮ್ಮದೊಂದು ಸಹಿ ಬೇಕಿತ್ತು ಸರ್. ತಿಪ್ಪಮ್ಮನವರ ಮನೆ ಮಾಲೀಕರು ನೀವೇ ತಾನೆ."

"ಅಷ್ಟೇನಾ," ಎಂದು ಪೆನ್ನು ತೆಗೆದುಕೊಂಡರು. ಓದದೆ ಸಹಿ ಹಾಕುವವರಲ್ಲ, ವ್ಯಾಪಾರಿ. ತುಟಿ ಅಲುಗಿಸುತ್ತಾ ಓದಿದರು. ನಿಂತರು. ಮೊದಲಿಂದ ಗಟ್ಟಿಯಾಗಿ ಓದಿದರು:

"ಕೆಂಪು ಬಣ್ಣದ ಫ್ರಿಜ್ ಒಂದು, ಟಿ.ವಿ. ಒಂದು, ಬಟ್ಟೆ ಒಗೆಯುವ ಯಂತ್ರ ಒಂದು, ಇವು ಮೂರೂ ಶ್ರೀಮತಿ ತಿಪ್ಪಮ್ಮ ಅವರ ಸ್ವಂತದ್ದೆಂದೂ, ಇವುಗಳ ಮೇಲೆ ನನಗಾಗಲಿ ನನ್ನ ಮನೆಯವರಿಗಾಗಲಿ ಮುಂದೆಂದಿಗೂ ಯಾವ ಹಕ್ಕೂ ಇರುವುದಿಲ್ಲವೆಂದೂ, ಮನೆಯ ಮಾಲೀಕನಾದ ನಾನು ಒಪ್ಪಿ..." ತಲೆಯೆತ್ತಿದರು. "ಏನಿದು?"

"ಮನೆ ಭೇಟಿಯಲ್ಲಿ ಕಂಡ ಸಾಮಾನು ಸರ್. ಅವರದ್ದೇ ಅಂತ ಖಾತ್ರಿ ಮಾಡಿಕೊಳ್ಳೋದಕ್ಕೆ."

"ಸೈನ್ ಹಾಕಿದ್ರೆ ಅವ್ಳದ್ದೇ ಆಗೋಯ್ತದಾ?"

"ನಮ್ಮ ದಾಖಲೆ ಪ್ರಕಾರ ಹೌದು ಸರ್. ಈಗ ಆ ಸಾಮಾನು ಅವರ ಮನೆಯಲ್ಲಿ ಕಾಣಿಸ್ತಾ ಇಲ್ಲ. ಯಾರು ತೆಗೆದುಕೊಂಡು ಹೋದರು ಅಂತ ಮುಂದೆ ವಿಚಾರಿಸಬೇಕಾಗಬಹುದು."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಫ್ರಿಜ್ಜು ಯಾರ್ದಂತೆ?"

"ನೀನ್ ಸುಮ್ಕಿರೇ."

ಸುಮ್ಮನಿರುವವರಲ್ಲ. ಕೈಯಲ್ಲಿ ಸೌಟು ಹಿಡಿದೇ ಬಂದರು. "ನಮ್ಮಪ್ಪ ಕೊಡ್ಸಿದ್ ಫ್ರಿಜ್ಜು ಅದು. ಬ್ಯಾಡ ಬ್ಯಾಡ ಅಂದ್ರೂ ಹೊತ್ಕಂಡೋಗಿ ಹಿಟ್ಟೆಲ್ಲ ಹಾಳ್ಮಾಡ್ದೆ. ಈಗ ಸೈನ್ ಹಾಕ್ತೀಯ? ಹಾಕು. ಹಾಕ್ಬುಟ್ಟು ಇವತ್ತಿಂದ ಊಟಕ್ಕೂ ತಿಪ್ಪವ್ವನ ಮನೆಗೇ ಹೋಗು."

ಅಂಗಡಿಗೆ ಬಂದಿದ್ದ ಇಬ್ಬರು ಬೆಲ್ಲ ತೆಗೆದುಕೊಳ್ಳುವುದನ್ನು ಮರೆತು ನಿಂತರು.

ನಾನು ಕಾಗದದ ಕೆಳಭಾಗ ತೋರಿಸಿದೆ. ಅಲ್ಲಿ ಎರಡು ಚೌಕ: ಒಪ್ಪುತ್ತೇನೆ. ಒಪ್ಪುವುದಿಲ್ಲ, ಕಾರಣ ಬರೆಯಿರಿ. ಕಾರಣಕ್ಕೆ ಆರು ಗೆರೆ ಬಿಟ್ಟಿದ್ದೆ. ಪುಟ್ಟರಂಗಯ್ಯ ಒಂದೂವರೆ ಗೆರೆಯಲ್ಲಿ ಮುಗಿಸಿದರು. "ಸದರಿ ಸಾಮಾನು ನನ್ನದು. ಒಂದು ದಿವಸದ ಮಟ್ಟಿಗೆ ಅವರ ಮನೆಯಲ್ಲಿ ಇಟ್ಟಿದ್ದೆ."

ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕದೆ ಕೂತರು. "ನಮ್ ಕೂಸಿನ ಅರ್ಜಿ?"

"ನಿಯಮ ಎಲ್ಲರಿಗೂ ಒಂದೇ ಸರ್."

"ಆ ಸ್ಕೂಲ್ ಬಸ್ಸು ದಿನಾ ಅಂಗ್ಡಿ ಮುಂದೇನೇ ಹೋಯ್ತದೆ ಮೇಡಂ. ಕೂಸು ದಿನಾ ನಿಂತ್ಕಂಡು ನೋಡ್ತದೆ. ಅದಕ್ಕೇ ಹಂಗ್ ಮಾಡ್ದೆ." ಪೆನ್ನಿನ ಮುಚ್ಚಳ ಹಾಕಿ, "ತಿಪ್ಪವ್ವ ಏನಾರಾ ಅಂದ್ಲಾ?"

"ನಿಮ್ಮ ಮೇಲೆ ಒಂದು ಮಾತೂ ಆಡಲಿಲ್ಲ. ಹೆಬ್ಬೆಟ್ಟೂ ಕೊಡಲಿಲ್ಲ."

ಅವರು ಹುಣಸೆಹಣ್ಣಿನ ಪೊಟ್ಟಣ ಬಿಚ್ಚಿ ಮತ್ತೆ ಕಟ್ಟಿದರು. "ನಮ್ ಕೂಸಿನ ಫೀಸು ನಾನೇ ಕಟ್ತೀನಿ ಬುಡಿ. ಕಷ್ಟ ಆಯ್ತದೆ, ಆಗ್ಲಿ. ಆ ಮಗೀಗೆ ಸಿಗ್ಲಿ."

ನಾನು ಗೆದ್ದ ಹಾಗೆ ಅನ್ನಿಸಬೇಕಿತ್ತು. ಬಸ್ಸಿಗೆ ಕಾಯುವಾಗ ಆ ಫ್ರಿಜ್‌ನ ಮೇಲಿನ ಗೆರೆಗಳೇ ಕಣ್ಣ ಮುಂದೆ ಬರುತ್ತಿದ್ದವು. ಅಳತೆ ತೆಗೆಯುವಾಗ ಆ ಮಗು ಎಷ್ಟು ನೆಟ್ಟಗೆ ನಿಂತಿರಬೇಕು.

ಮಾರ್ಚ್ ೧೯, ಬುಧವಾರ

ಸುಬ್ಬಕೃಷ್ಣ ಸರ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

"ನಮೂನೆ ಏಳು-ಅ. ನಮ್ಮಲ್ಲಿ ಇರೋದು ಆರೇ ಅಲ್ಲವೇನಮ್ಮ?"

"ಹೌದು ಸರ್."

"ಮತ್ತೆ ಇದು?"

"ಬಿಟ್ಟುಹೋಗಿತ್ತು ಸರ್."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಆಮೇಲೆ ಗಾಜಿನ ಕೆಳಗಿನ ಉತ್ತರಪತ್ರಿಕೆಯನ್ನು. ನನ್ನ ಕೆಲಸ ಹೋಯಿತು ಅಂದುಕೊಂಡೆ. ಫ್ಯಾನ್ ಹತ್ತು ಸುತ್ತು ತಿರುಗುವವರೆಗೆ ಎಣಿಸಿದೆ.

"ಮುಂದಿನ ವರ್ಷಕ್ಕೆ ಐವತ್ತು ಪ್ರತಿ ತೆಗೆಸಿಡು," ಅಂದರು. ಗುಬ್ಬಿಯ ಪಟ್ಟಿ ಎಳೆದುಕೊಂಡು ಪಲ್ಲವಿಯ ಹೆಸರನ್ನು ತಾವೇ ಕೈಯಲ್ಲಿ ಬರೆದರು. "ಇನ್ನೊಂದು ವಿಷಯ. ಯಾವ ದಿನ ಹೇಳಿರ್ತೀಯೋ ಆ ದಿನವೇ ಹೋಗು. ಇಲ್ಲ, ಯಾವತ್ತೂ ಹೇಳದೆ ಹೋಗು. ಎರಡರ ಮಧ್ಯೆ ಹೋದರೆ ಹಿಟ್ಟು ಉಕ್ಕುತ್ತೆ."

ಹೊರಗೆ ಭೀಮರಾಜಣ್ಣ ಅಂದ, "ಏನ್ ಮೇಡಂ, ಗುಬ್ಬೀಲಿ ಜೋರಾಗಿ ಮಾತಾಡಿದ್ರಂತೆ." ಇಲ್ಲಪ್ಪ, ನಾನೇನು ಮಾತಾಡಿದೆ. ಓದಿದ್ದೆಲ್ಲ ಅವರೇ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ಮಂಜುಳಮ್ಮ ಫೋನ್ ಮಾಡಿದ್ದರು. ಹಬ್ಬ ಕಳೆದ ಮೇಲೆ ಹುಡುಗನ ಸೋದರಮಾವನನ್ನು ಕರೆದುಕೊಂಡು ಇನ್ನೊಮ್ಮೆ ಬರುತ್ತಾರಂತೆ. ಅವರು ಮನೆ ನೋಡಬೇಕಂತೆ. ಅಮ್ಮ ಫೋನ್ ಇಟ್ಟವಳೇ ಮಹಡಿ ಮೆಟ್ಟಿಲ ಕಡೆ ನೋಡಿದಳು.

"ಸೋಫಾ ಬೇಡಮ್ಮ," ಅಂದೆ.

"ಹುಚ್ಚು ಗಿಚ್ಚು ಹಿಡಿದಿದೆಯೇನೇ? ಹೋದ ಸಲ ಇದ್ದದ್ದು ಈ ಸಲ ಎಲ್ಲಿ ಅಂದ್ರೆ?"

"ಅವರ ಮನೆ ನಮ್ಮಲ್ಲಿ ಯಾರು ನೋಡಿದಾರೆ?"

"ನಿಮ್ಮ ದೊಡ್ಡಪ್ಪ ನೋಡಿದಾರಲ್ಲ. ಎರಡಂತಸ್ತು."

"ಒಳಗೆ ಹೋಗಿದ್ರಾ?"

"ಬೈಕಲ್ಲಿ ಹೋಗ್ತಾ ನೋಡಿದ್ದು. ಇದೇನೇ ನೀನು, ಪೊಲೀಸರ ಥರ." ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ಯಾರೋ ಬೇರೆಯವರ ಮಗಳು ಬಂದು ಕೂತಿರುವ ಹಾಗೆ. ಯಾಕೋ ಗೊತ್ತಾಗಲಿಲ್ಲ. ನಾನು ಕೇಳಿದ್ದು ಪಟ್ಟಿಯಲ್ಲಿ ಇರುವಂಥ ಮಾಮೂಲು ಪ್ರಶ್ನೆಗಳು.

ಆ ಸೋಮಶೇಖರ್ ಕೆಟ್ಟವರೆಂದೇನೂ ಅಲ್ಲ. ಕನ್ನಡಕ ಹೊರಬಂದಾಗ ಅವರ ಭುಜ ಅಲುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಅವರ ಮನೆ ಮಾರ್ಕೋನಹಳ್ಳಿ ರಸ್ತೆಯಲ್ಲಿ, ಹಸಿರು ಗೇಟು, ಎರಡಂತಸ್ತು. ಒಳಗೆ ಪುಸ್ತಕದ ಕಪಾಟು ಇದೆಯೋ ಇಲ್ಲವೋ, ಇದ್ದರೆ ಅದು ಯಾರದ್ದೋ.

ಗುಬ್ಬಿ ಮುಗಿಯಿತು, ಇನ್ನು ಕುಣಿಗಲ್ ಕಡೆಯ ಭೇಟಿಗಳು. ಭೀಮರಾಜಣ್ಣ ಈಗ ಫೋನ್ ಮಾಡಿ ಮಂಗಳವಾರ ಎಷ್ಟು ಮನೆ ಎಂದು ಕೇಳಿದ. ಪಟ್ಟಿಯಲ್ಲಿ ಮೂರಿದೆ. ನಾಲ್ಕು ಅಂದೆ.

ಯಾರಿಗೂ ಮೊದಲೇ ಹೇಳುವುದಿಲ್ಲ.